ಲೈಸೆನ್ಸ್ ಬರುವವರೆಗೆ ಉಪ್ಪಿಲ್ಲ

ನಮ್ಮ ಮನೆಯಲ್ಲಿ ಊಟಕ್ಕೆ ಬಾಳೆಲೆ ಹಾಕಿದರೆ ಮೊದಲು ಬಡಿಸುವುದು ಉಪ್ಪು. ಎಲೆಯ ಮೂಲೆಯಲ್ಲಿ ಒಂದು ಚಿಟಿಕೆ, ಉಳಿದದ್ದೆಲ್ಲ ಆಮೇಲೆ. ನನ್ನ ಸೋದರಮಾವನ ಎಲೆಯಲ್ಲಿ ಆ ಮೂಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿತ್ತು. ಬಡಿಸುವವಳು ನಾನು. ಕೈ ಅಭ್ಯಾಸದಂತೆ ಉಪ್ಪಿನ ಮರದ ಮರಿಗೆಗೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು.

ಆಗ ನಾನು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೈನಿಂಗ್ ಮುಗಿಸಿ, ನಮ್ಮೂರಾದ ಮೂಡುಬಿದಿರೆಯ ಒಂದು ಶಾಲೆಗೆ ಸೇರಿದ್ದೆ. ಹಾಸ್ಟೆಲಿನಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ, ದೀಪ ಆರಿಸುವುದಕ್ಕೆ ಗಂಟೆ. ನನಗೆ ಅದು ಹಿಡಿಸಿತ್ತು. ನಮ್ಮದು ಜೈನರ ಮನೆ. ನೀರು ಬಟ್ಟೆಯಲ್ಲಿ ಸೋಸಬೇಕು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಗಂಟೆ ಹೊಡೆಯದಿದ್ದರೂ ಎಲ್ಲ ಗಂಟೆ ಹೊಡೆದ ಹಾಗೆಯೇ ನಡೆಯುತ್ತಿತ್ತು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಕುಟುಂಬವಾದ್ದರಿಂದ ಯಜಮಾನಿಕೆ ಅಮ್ಮನ ಅಣ್ಣನದು. ಮಾವನ ಹೆಂಡತಿ ತೀರಿಕೊಂಡಿದ್ದರು. ಮಾವ, ಅಮ್ಮ, ನನ್ನ ತಮ್ಮ, ನಾನು, ಇಷ್ಟೇ ಮಂದಿ.

ಗೇಣಿಗೆ ಕೊಟ್ಟ ಗದ್ದೆಗಳು ಇನ್ನು ಬಹಳ ಕಾಲ ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು. ಮಾವ ಅದನ್ನು ಜಗಳವಿಲ್ಲದೆ ಒಪ್ಪಿಕೊಂಡಿದ್ದರು. ಆದರೆ ಮುಂದೇನು ಎಂಬ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ಒಂದು ದಿನ ಬಂಟ್ವಾಳದ ಸಾಹುಕಾರರು ಸಿದ್ದಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಬಂದರು. ಬಂಟ್ವಾಳ ಪೇಟೆಯಲ್ಲಿ ಅವರಿಗೆ ಅಕ್ಕಿ, ಬೆಲ್ಲದ ದೊಡ್ಡ ವ್ಯಾಪಾರ. ಕೊಂಕಣಿಯವರು, ಮಾವನ ಹಳೆಯ ಸ್ನೇಹಿತರು, ಮೆಲ್ಲಗೆ ಮಾತಾಡಲು ಬಾರದವರು. ಕೈಚೀಲದಿಂದ ಒಂದು ಬಾಟಲಿ ತೆಗೆದು ಜಗಲಿಯ ಮೇಲಿಟ್ಟರು. ಒಳಗೆ ಸಮುದ್ರದ ನೀರು, ಅದರಲ್ಲಿ ಕರಿಯ ಅಂಟಿನ ಉಂಡೆಗಳು.

"ಇದು ಎಂತ ಹೇಳಿ ಯಜಮಾನ್ರೇ?"

"ಡಾಂಬರು," ಎಂದರು ಮಾವ.

"ಡಾಂಬರು ರಸ್ತೆಯಲ್ಲಿ ಉಂಟು. ಸಮುದ್ರದಲ್ಲಿ ಯಾಕೆ ಉಂಟು? ಕಡಲಿನ ಅಡಿಯಲ್ಲಿ ಪೆಟ್ರೋಲಿನ ಎಣ್ಣೆ ಉಂಟು, ಅಲ್ಲಿಂದ ಬರ್ತಾ ಉಂಟು ಮಾರಾಯ್ರೇ! ಪ್ರತಿ ವರ್ಷ ಮಳೆಗೆ ಮೊದಲು ದಡಕ್ಕೆ ಬೀಳ್ತದೆ. ಮೊಗವೀರರು ದೋಣಿಗೆ ಬಳಿದುಕೊಳ್ತಾರೆ. ನಾವು ನೋಡ್ತಾ ಕೂತಿದ್ದೇವೆ."

ಹಡಗುಗಳಿಂದ ಬಿದ್ದದ್ದಿರಬಹುದು ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದೆ. ಸಾಹುಕಾರರು ನಕ್ಕರು. "ಟೀಚರ್ ಅಮ್ಮ ಮಕ್ಕಳಿಗೆ ಹೇಳುವುದನ್ನು ನಮಗೂ ಹೇಳ್ತಾರೆ." ಮಾವ ನಗಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಒಂದು ಕಂಪೆನಿಯಾಯಿತು. ಬೆಳ್ತಂಗಡಿ ಕಡೆಯ ಕೆಲವು ಜಮೀನುದಾರರು, ಬಂಟ್ವಾಳದ ಕೆಲವು ವ್ಯಾಪಾರಿಗಳು ಪಾಲು ಹಾಕಿದರು. ಮಾವ ತಮ್ಮ ಸ್ವಂತದ್ದೆಂದು ಇದ್ದುದನ್ನೆಲ್ಲ ಹಾಕಿದರು. ಮಂಗಳೂರಿನ ಎದುರಿಗೆ, ಕಡಲಿನ ತಳದಲ್ಲಿ ಎಣ್ಣೆ ಹುಡುಕಲು ಲೈಸೆನ್ಸ್ ಬೇಕು. ಅದು ಸಿಕ್ಕಿದರೆ ಯಂತ್ರ ತರುವ ವಿದೇಶದವರು ತಯಾರಿದ್ದಾರೆಂದು ಸಾಹುಕಾರರ ಮಾತು. ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಯಾವ ಅರ್ಜಿ ಯಾರಿಗೆ ಕೊಡಬೇಕೆಂದು ಕಚೇರಿಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಂಗಳೂರಿನವರು ದೆಹಲಿಗೆ ಬರೆಯಿರಿ ಎಂದರು. ದೆಹಲಿಗೆ ಬರೆದಾಯಿತು.

ಆ ಹೊತ್ತಿಗೆ ಒಬ್ಬ ಮುನಿಗಳು ಕಾಲ್ನಡಿಗೆಯ ವಿಹಾರದಲ್ಲಿ ಮೂಡುಬಿದಿರೆಗೆ ಬಂದರು. ಮುನಿಗಳು ಬಂದಾಗ ನಮ್ಮವರು ನಿಯಮ ತೆಗೆದುಕೊಳ್ಳುವುದು ವಾಡಿಕೆ. ಯಾರೋ ನಾಲ್ಕು ತಿಂಗಳು ಬದನೆಕಾಯಿ ಬಿಡುತ್ತಾರೆ, ಯಾರೋ ಒಂದು ವರ್ಷ ತುಪ್ಪ ಬಿಡುತ್ತಾರೆ. ಕೊಟ್ಟ ಮಾತು ತಪ್ಪುವ ಹಾಗಿಲ್ಲ. ಅದಕ್ಕೇ ಎಲ್ಲರೂ ಗಡುವು ನೋಡಿಕೊಂಡು ಬಿಡುತ್ತಾರೆ. ಮಾವನ ಸರದಿ ಬಂತು. ಅವರು ಕೈ ಮುಗಿದು ಹೇಳಿದರು: "ಉಪ್ಪು ಬಿಡ್ತೇನೆ. ಸಮುದ್ರದ ಲೈಸೆನ್ಸ್ ನಮ್ಮ ಕೈಗೆ ಬರುವವರೆಗೆ."

ಬಸದಿಯಲ್ಲಿದ್ದವರು ಮುಗುಳ್ನಕ್ಕರು. ಮುನಿಗಳು ನಗಲಿಲ್ಲ. "ಫಲ ಬಯಸಿ ತೆಗೆದುಕೊಳ್ಳುವುದು ನಿಯಮವಲ್ಲ," ಎಂದರು. "ತಿಂಗಳನ್ನು ಗಡುವು ಮಾಡಿ, ವರ್ಷವನ್ನು ಮಾಡಿ. ಸರ್ಕಾರವನ್ನು ಗಡುವು ಮಾಡಬೇಡಿ. ಇದನ್ನು ನಾನು ಕೊಡುವುದಿಲ್ಲ."

ಮಾವ ಒಂದು ಕ್ಷಣ ತಲೆ ತಗ್ಗಿಸಿದರು. ಮತ್ತೆ ಎದ್ದು ಗರ್ಭಗುಡಿಯ ಎದುರು ನಿಂತು, ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿ ಅಡ್ಡಬಿದ್ದರು. ಮುನಿಗಳು ಕಣ್ಣು ಮುಚ್ಚಿಕೊಂಡರು. ದಾರಿಯಲ್ಲಿ ಅಮ್ಮ ಕೇಳಿದಳು, "ಯಾಕಣ್ಣ ಹೀಗೆ?"

"ಒಂದೆರಡು ತಿಂಗಳ ಮಾತು ತಂಗೀ. ಸಾಹುಕಾರರು ಹೇಳಿದ್ದಾರಲ್ಲ."

ಮೊದಲ ಉತ್ತರ ಮಳೆಗಾಲ ಕಳೆದ ಮೇಲೆ ಬಂತು. ಎಣ್ಣೆ ಸರ್ಕಾರವೇ ನಡೆಸುವ ಉದ್ಯಮ, ಖಾಸಗಿಯವರಿಗೆ ಇಲ್ಲ ಎಂದಿತ್ತು. ಸಾಹುಕಾರರು ಮುಂದಿನ ಬಸ್ಸಿಗೇ ಬಂದರು. ಮೆಟ್ಟಿಲು ಹತ್ತುವ ಮೊದಲೇ ಬೈಗುಳ ಶುರುವಾಯಿತು.

"ಕೊಡುವುದಿಲ್ಲವಂತೆ! ಹಾಗಾದರೆ ಅವರು ತೆಗೀತಾರಾ? ಅದೂ ಇಲ್ಲ. ಅವರ ಯಂತ್ರ ಗುಜರಾತಿನ ಗದ್ದೆಯಲ್ಲಿ ಉಂಟು. ನಮ್ಮ ಕಡಲಿನಲ್ಲಿ ಒಬ್ಬ ಕಾಲು ಒದ್ದೆ ಮಾಡಿಲ್ಲ. ತಾವೂ ಉಣ್ಣುವುದಿಲ್ಲ, ಎಲೆಯ ಮುಂದೆ ಕೂತವನನ್ನೂ ಏಳು ಅಂತಾರೆ."

"ಅಪೀಲು ಮಾಡುವ," ಎಂದರು ಮಾವ.

"ಮಾಡುವ, ಮಾಡುವ. ಬೆಳ್ತಂಗಡಿಯವರು ನಿನ್ನೆ ನನ್ನ ಅಂಗಡಿಯಲ್ಲೇ ಕೂತು ಕೇಳಿದರು, ಸಾಹುಕಾರ್ರೇ ನಮ್ಮ ಪಾಲು ನೀರಿಗೆ ಹಾಕಿದ್ದಾ ಅಂತ. ಎಂತ ಹೇಳುವುದು? ಹೌದು, ನೀರಿಗೇ ಹಾಕಿದ್ದು ಅಂದೆ!" ತಮ್ಮ ಮಾತಿಗೆ ತಾವೇ ನಕ್ಕು, ನಗು ಮುಗಿಯುವ ಮೊದಲೇ ಕಣ್ಣೊರೆಸಿಕೊಂಡರು. ಅವರಿಗೂ ನಷ್ಟವಾಗಿತ್ತು. ಆದರೆ ಅವರು ಆ ದಿನ ನಮ್ಮಲ್ಲಿ ಉಂಡರು, ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡರು. ಮಾವನ ಎಲೆಯ ಖಾಲಿ ಮೂಲೆಯನ್ನು ಅವರು ನೋಡಿದ್ದು ನನಗೆ ಕಂಡಿತು.

ಮೊದಲ ಚಳಿಗಾಲ ಮಾವ ಚೆನ್ನಾಗಿಯೇ ಇದ್ದರು. ಸಪ್ಪೆ ಗಂಜಿ, ಸಪ್ಪೆ ಪಲ್ಯ. ಅಷ್ಟಮಿ, ಚತುರ್ದಶಿಗೆ ಮೊದಲಿನಂತೆ ಉಪವಾಸ. ಬೇಸಿಗೆ ಬಂದಾಗ ಮೈ ಬೆವರಿ ಒಣಗತೊಡಗಿತು. ನಡೆಯುತ್ತಿದ್ದ ಹಾಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಸದಿಗೆ ಹೋಗುವಾಗ ಬೀದಿಯ ಗೋಡೆ ಹಿಡಿದು ನಿಲ್ಲುತ್ತಿದ್ದರು. ಮಂಗಳೂರಿನಿಂದ ಬಸ್ಸಿನಲ್ಲಿ ಬರುವ ಪೇಪರನ್ನು ಓದಿ ಮಡಿಚಿ, ಪುನಃ ಬಿಡಿಸಿ ಹೊಸತೆಂಬಂತೆ ಓದುತ್ತಿದ್ದರು. ಅಪೀಲಿನ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ ಎಂದರೆ, "ಬರ್ತದೆ ಮಗಾ, ಒಳಗಿನ ಪುಟ ನೋಡು," ಎನ್ನುತ್ತಿದ್ದರು.

ಪೇಟೆಯ ಡಾಕ್ಟರರನ್ನು ಕರೆಸಿದೆ. ಅವರು ನಾಡಿ ಹಿಡಿದು, ಕಣ್ಣು ನೋಡಿ, ಬಡಿಸುವವಳು ನಾನೆಂದು ನನ್ನನ್ನೇ ಗದರಿಸಿದರು. ಆಮೇಲೆ ಮಾವನಿಗೆ ಹೇಳಿದರು: "ಕಡಲಿನಲ್ಲಿ ಎಣ್ಣೆ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಮೈಯಲ್ಲಿ ಉಪ್ಪಿಲ್ಲ. ಹೀಗೆ ಹೋದರೆ ಮೊದಲು ತಲೆ ಹೋಗ್ತದೆ, ಆಮೇಲೆ ಪ್ರಾಣ."

"ಅಪೀಲು ದೆಹಲಿಯಲ್ಲಿ ಉಂಟು ಡಾಕ್ಟ್ರೇ," ಎಂದರು ಮಾವ, ಮರುದಿನ ಬರುವ ನೆಂಟರ ಸುದ್ದಿ ಹೇಳುವ ಹಾಗೆ.

ಆ ವಾರ ಒಂದು ಬೆಳಿಗ್ಗೆ ಅಮ್ಮ ಮಾವನ ಗಂಜಿಯ ಬಟ್ಟಲಿನ ಮೇಲೆ ಕೈ ಹಿಡಿದು ನಿಂತಿದ್ದಳು. ಬೆರಳುಗಳ ನಡುವೆ ಉಪ್ಪು. "ಒಂದು ಚಿಟಿಕೆ. ಯಾರಿಗೆ ಗೊತ್ತಾಗ್ತದೆ?" ಇನ್ನೊಬ್ಬರ ನಿಯಮವನ್ನು ಅವರಿಗೆ ತಿಳಿಯದಂತೆ ಮುರಿಯುವುದು ನಮ್ಮಲ್ಲಿ ಕೊಲೆಯಷ್ಟೇ ದೊಡ್ಡದು. ಅಮ್ಮ ಉಪ್ಪನ್ನು ಮರಿಗೆಗೆ ಹಾಕಿ, ಕೈ ತೊಳೆದು, ಮರಿಗೆಯನ್ನು ಒಳಗಿನ ಕೋಣೆಗೆ ಒಯ್ದಳು. ಅಂದಿನಿಂದ ಉಪ್ಪು ಅಡಿಗೆಮನೆಯಲ್ಲಿ ಇರಲಿಲ್ಲ.

ಎರಡನೆಯ ಉತ್ತರವೂ ಇಲ್ಲ ಎಂದೇ ಬಂತು. ಪಾಲುದಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ಬೆಳ್ತಂಗಡಿಯವರು ಲಾರಿ ತೆಗೆದುಕೊಂಡರು, ಬಂಟ್ವಾಳದವರು ಹಂಚಿನ ವ್ಯಾಪಾರಕ್ಕೆ ಇಳಿದರು. ಸರ್ಕಾರವನ್ನು ಬೈಯುವುದೂ ಕಡಿಮೆಯಾಯಿತು. ಅವರಿಗೆಲ್ಲ ಅದು ಮುಗಿದ ಮಾತು. ಮಾವನ ಒತ್ತಾಯಕ್ಕೆ ಸಾಹುಕಾರರು ಇನ್ನೊಂದು ಮನವಿ ಕಳುಹಿಸಿದರು. ಹೊರಡುವಾಗ ಜಗಲಿಯಿಂದ ಇಳಿದು ನನ್ನ ಹತ್ತಿರ ಮೆಲ್ಲಗೆ ಹೇಳಿದರು, ಅವರ ಬಾಯಿಂದ ಮೊದಲ ಬಾರಿಗೆ ಮೆಲ್ಲಗೆ: "ಆ ಮುನಿಗಳನ್ನು ಹುಡುಕಿ ಅಮ್ಮಾ. ದೆಹಲಿಗಿಂತ ಅವರು ಹತ್ತಿರ ಇರಬಹುದು."

ತಮ್ಮ ಹೊರಟ. ಮುನಿಗಳು ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತಿದ್ದರು. ಅವರು ನಡೆದ ದಾರಿಯನ್ನು ತಮ್ಮ ಬಸ್ಸಿನಲ್ಲಿ, ಲಾರಿಯಲ್ಲಿ ಹಿಂಬಾಲಿಸಿದ. ಘಟ್ಟದ ಮೇಲೆ ಒಂದು ಊರಿನಲ್ಲಿ ಅವರು ಚಾತುರ್ಮಾಸಕ್ಕೆ ನಿಂತಿದ್ದರು. ತಮ್ಮ ಹಿಂತಿರುಗಿ ಬಂದು ಹೇಳಿದ್ದು ಇಷ್ಟು: "ನಾನು ಕೊಡದ ನಿಯಮವನ್ನು ನಾನು ಹೇಗೆ ಬಿಡಿಸಲಿ, ಅಂದರು. ಮಾವನೇ ಬಂದು ತಪ್ಪಾಯಿತು ಅಂತ ಕೇಳಬೇಕಂತೆ. ಕೇಳಿದರೆ ಪ್ರಾಯಶ್ಚಿತ್ತ ಹೇಳ್ತಾರಂತೆ. ಮಳೆ ಮುಗಿಯುವವರೆಗೆ ಅಲ್ಲೇ ಇರ್ತಾರೆ."

ದಾರಿ ಸಿಕ್ಕಿತೆಂದು ನಮಗೆಲ್ಲ ಉಸಿರು ಬಂತು. ಬಾಡಿಗೆಗೆ ಕಾರು ಗೊತ್ತುಮಾಡಿದೆ. ಬಟ್ಟೆ, ಸೋಸಿದ ನೀರು, ದಾರಿಗೆ ಬಾಳೆಹಣ್ಣು ಎಲ್ಲ ಜೋಡಿಸಿದೆ. ಮಾವ ಅದನ್ನೆಲ್ಲ ಆಸಕ್ತಿಯಿಂದ ನೋಡಿದರು.

"ಎಲ್ಲಿಗೆ ಮಗಾ?"

ಹೇಳಿದೆ.

"ಈಗ ಹೇಗೆ ಹೋಗುವುದು? ಮನವಿ ಹೋಗಿದೆ. ನಾನು ಅಲ್ಲಿ ತಪ್ಪಾಯಿತು ಅನ್ನುವುದು, ಇಲ್ಲಿ ಲೈಸೆನ್ಸ್ ಬರುವುದು. ಆಗ?" ಕಾರಿನವನನ್ನು ವಾಪಸು ಕಳುಹಿಸಿದೆವು.

ಅದಾಗಿ ಕೆಲವೇ ದಿನಗಳಲ್ಲಿ, ಬೆಳಗಿನ ಗಂಜಿ ಕುಡಿಯುತ್ತಿದ್ದ ಮಾವ ಬಟ್ಟಲನ್ನು ಕೆಳಗಿಟ್ಟರು. ಮುಖ ಬಿಳುಚಿತ್ತು.

"ಇದಕ್ಕೆ ಉಪ್ಪು ಹಾಕಿದ್ದು ಯಾರು?"

"ಯಾರೂ ಹಾಕಿಲ್ಲ ಮಾವ."

"ನನ್ನ ನಾಲಿಗೆಗೆ ಗೊತ್ತಿಲ್ವಾ? ತಂಗೀ, ನೀನಾ?"

ಅಮ್ಮ ಅಳುತ್ತ ಬಸದಿಯ ದಿಕ್ಕಿಗೆ ಕೈಯೆತ್ತಿ ಆಣೆಯಿಟ್ಟಳು. ನಾನು ಅದೇ ಬಟ್ಟಲಿನಿಂದ ಕುಡಿದು ನೋಡಿದೆ. ಸಪ್ಪೆ. ಮಾವ ನಮ್ಮಿಬ್ಬರನ್ನೂ ಪರಕೀಯರನ್ನು ನೋಡುವಂತೆ ನೋಡಿದರು. ಆ ದಿನದಿಂದ ನಮ್ಮ ಕೈಯ ಅಡಿಗೆ ಮುಟ್ಟಲಿಲ್ಲ. ತಾವೇ ಸುಲಿದ ಬಾಳೆಹಣ್ಣು, ಕಣ್ಣೆದುರು ಕೆತ್ತಿದ ಸೀಯಾಳ. ಸ್ವಲ್ಪ ದಿನಕ್ಕೆ ಸೀಯಾಳವೂ ಉಪ್ಪೆಂದರು. ಆಮೇಲೆ ಬಾವಿಯ ನೀರನ್ನು ಬಾಯಿಗೆ ಹಾಕಿ ಉಗುಳಿದರು. "ಸಮುದ್ರ ಬಾವಿಗೆ ಬಂದಿದೆ. ಎಣ್ಣೆಯೂ ಬರ್ತದೆ, ನೋಡ್ತಾ ಇರಿ." ಬಾಟಲಿಯನ್ನು ಹಾಸಿಗೆಯ ಪಕ್ಕಕ್ಕೆ ತರಿಸಿಕೊಂಡರು. ಉಂಡೆಗಳು ಕರಗಿ ಗಾಜಿಗೆ ಕಪ್ಪಾಗಿ ಅಂಟಿದ್ದವು.

ಸಾಹುಕಾರರು ಮತ್ತೆ ಬಂದದ್ದು ಕೊನೆಯ ಉತ್ತರದೊಂದಿಗೆ. ಈ ವಿಷಯದಲ್ಲಿ ಇನ್ನು ಪತ್ರ ಬರೆಯಬೇಡಿ ಎಂದು ದೆಹಲಿಯವರು ಹೇಳಿದ್ದರು. ಅಮ್ಮ ಅವರನ್ನು ಅಂಗಳದಲ್ಲೇ ತಡೆದಳು. ಸುಳ್ಳಾಡದ ಅಮ್ಮ, ಇರುವೆ ತುಳಿದರೂ ನೊಂದುಕೊಳ್ಳುವ ಅಮ್ಮ, ಕೈ ಮುಗಿದು ಹೇಳಿದಳು: "ಲೈಸೆನ್ಸ್ ಬಂತು ಅಂತ ಹೇಳಿ ಸಾಹುಕಾರ್ರೇ. ಪಾಪ ನನಗಿರಲಿ."

"ವ್ಯಾಪಾರದಲ್ಲಿ ಎಷ್ಟು ಸುಳ್ಳು ಹೇಳಿಲ್ಲ ಅಮ್ಮಾ," ಎಂದರು ಅವರು. ಆದರೂ ಬಾಗಿಲು ದಾಟುವ ಮೊದಲು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹಳೆಯ ದೊಡ್ಡ ದನಿ ತಂದುಕೊಂಡು ಒಳಗೆ ನುಗ್ಗಿದರು. "ಬಂತು ಯಜಮಾನ್ರೇ! ಕೊನೆಗೂ ಕೊಟ್ಟರು! ಏಳಿ, ಊಟ ಮಾಡುವ!"

ಮಾವ ಅವರ ಮುಖವನ್ನೇ ನೋಡಿದರು. ತುಟಿ ಅಲುಗಿತು. "ಬಂತಾ?" ಎಂದರು. ನನ್ನ ಕಡೆ ಕೈ ಚಾಚಿದರು. "ಉಪ್ಪು ತಾ ಮಗಾ."

ಒಳಗಿನ ಕೋಣೆಗೆ ಓಡಿದೆ. ಕಲ್ಲುಪ್ಪಿನ ಒಂದು ಹರಳನ್ನು ಅವರ ಅಂಗೈಯಲ್ಲಿಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ನಾಲಿಗೆಯ ಮೇಲಿಟ್ಟರು. ಅವರು ಕಾದರು. ಬಾಯಿ ಚಪ್ಪರಿಸಿದರು, ಮತ್ತೆ ಕಾದರು. ಆಮೇಲೆ ಹರಳನ್ನು ಬೆರಳಿಂದ ತೆಗೆದು, ಬೇಸರವಿಲ್ಲದೆ, ತಪ್ಪು ಲೆಕ್ಕ ಮಾಡಿದ ಮಗುವಿಗೆ ಸ್ಲೇಟು ಹಿಂದಿರುಗಿಸುವಂತೆ ನನ್ನ ಕೈಯಲ್ಲಿಟ್ಟರು.

"ಇಲ್ಲ. ಸಪ್ಪೆ ಉಂಟು," ಎಂದರು. "ಲೈಸೆನ್ಸ್ ಬಂದಿಲ್ಲ."

ಸಾಹುಕಾರರು ಜಗಲಿಗೆ ಬಂದು ಕಂಬಕ್ಕೆ ಒರಗಿದರು. ಅವರಿಗೆ ನೀರು ಕೊಡಲೂ ಅಮ್ಮನಿಗೆ ತೋಚಲಿಲ್ಲ. ಬಂಟ್ವಾಳದ ಬಸ್ಸು ಬಂದು, ಹಾರ್ನ್ ಹೊಡೆದು, ಅವರಿಲ್ಲದೆ ಹೋಯಿತು. ಆ ಮಳೆಗಾಲವನ್ನು ಮಾವ ದಾಟಲಿಲ್ಲ. ಆದರೆ ಅಂದು ಅವರು ಇನ್ನೂ ಇದ್ದರು. ಬಸ್ಸಿನ ಸದ್ದು ಕೇಳಿ ಒಳಗಿನಿಂದಲೇ ಕೂಗಿ ಕೇಳಿದರು:

"ಟಪಾಲು ಬಂತಾ ಮಗಾ?"