ಹಗೂರ್ಕ ಹಾರುವವರ ಊರಿನಲ್ಲಿ

ಬೀದರಿಗೆ ಬಂದ ಮರುದಿನ ಮಧ್ಯಾಹ್ನ ಒಂದು ಕೊಡ ನೀರು ಕೇಳಲು ಕೆಳಗಿನ ಮನೆಗೆ ಹೋದೆ. ಬಾಗಿಲಲ್ಲಿ ನಿಂತವಳಿಗೆ ಎದುರಿನ ಟಿವಿಯಲ್ಲಿ ಕಂಡದ್ದು ಇದು: ಬಿಳಿ ರೇಷ್ಮೆಯ ಹೆಂಗಸೊಬ್ಬಳು ಬಿದಿರಿನ ತುತ್ತತುದಿಯಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಳೆ. ಕೆಳಗಿನಿಂದ ಒಂದು ಸೈನ್ಯವೇ ಬಾಣ ಬಿಡುತ್ತಿದೆ. ಆಕೆ ತೋಳನ್ನು ಒಮ್ಮೆ ಬೀಸಿ ಅಷ್ಟೂ ಬಾಣಗಳನ್ನು ಬಂದ ದಾರಿಗೇ ಅಟ್ಟಿ, ಇನ್ನೊಂದು ಕೈಯಲ್ಲಿದ್ದ ಬಟ್ಟಲಿನಿಂದ ಒಂದು ಗುಟುಕು ಚಹಾ ಕುಡಿದು, ಅಚ್ಚ ಹಿಂದಿಯಲ್ಲಿ ಶತ್ರುಗಳ ಕುಶಲ ವಿಚಾರಿಸಿದಳು. ಮಂಚದ ಮೇಲೆ ಎಡಗಾಲು ಚಾಚಿಕೊಂಡಿದ್ದ ಬಿಳಿಮೀಸೆಯ ಹಿರಿಯರೊಬ್ಬರು ನನ್ನತ್ತ ತಿರುಗಲೂ ಇಲ್ಲ.

"ಕೂಡ್ರಿ. ಈಗ ಆಕಿ ಹಾರ್ತಾಳ," ಎಂದರು.

ಕೂತೆ. ಆಕೆ ಹಾರಿದಳು. ನೀರು ಕೇಳುವುದೇ ಮರೆತುಹೋಯಿತು.

ನಾನು ಕೊಳ್ಳೇಗಾಲದವಳು. ಮುರಿದ ಕೈಕಾಲಿಗೆ ಮತ್ತೆ ಓಡಾಟ ಕಲಿಸುವ ಫಿಸಿಯೋಥೆರಪಿ ನನ್ನ ವೃತ್ತಿ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ, ನಮ್ಮ ರಾಜ್ಯದ ನಕ್ಷೆಯ ಪಾದದಿಂದ ನೆತ್ತಿಗೆ ಬಂದಿದ್ದೇನೆ. ಬಿದಿರಿನಿಂದಲೇ ಬೀದರ ಎಂಬ ಹೆಸರು ಬಂತೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಂಪು ಕಲ್ಲು ಕಂಡೆ, ನೆತ್ತಿ ಸುಡುವ ಬಿಸಿಲು ಕಂಡೆ. ಬಿದಿರನ್ನು ಮಾತ್ರ ಆ ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಲಿಲ್ಲ. ಮನೆ ಸಿಕ್ಕಿದ್ದು ಊರಂಚಿನ ಕೊಳಾರದ ಕಾರ್ಖಾನೆಗಳ ಹತ್ತಿರ, ಮಹಡಿಯ ಒಂದೇ ಕೋಣೆ. ಕೆಳಗಿನ ಬಾಡಿಗೆಮನೆಯಲ್ಲಿ ಮಹಾದೇವಿ ಮತ್ತು ಗೋದಾಮಿನಲ್ಲಿ ಕೆಲಸ ಮಾಡುವ ಅವಳ ಗಂಡ ಶಿವರಾಜ. ಮಂಚದ ಮೇಲಿದ್ದವರು ಮಹಾದೇವಿಯ ಅಪ್ಪ ಗುಂಡಪ್ಪ. ಔರಾದ ಕಡೆಯ ಹಳ್ಳಿಯಲ್ಲಿ ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದವರು. ಕಲ್ಲಿನ ಹಳ್ಳದಲ್ಲಿ ಸಿಕ್ಕಿಕೊಂಡ ಮರಿಯನ್ನು ಎತ್ತಲು ಹೋಗಿ ಬಿದ್ದು, ತೊಡೆಯ ಎಲುಬು ಮುರಿದುಕೊಂಡು ಮಗಳ ಮನೆ ಸೇರಿದ್ದರು.

ಮೊದಲ ತಿಂಗಳುಗಳಲ್ಲಿ ನನಗೆ ಅಳು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಪರದೇಶಕ್ಕೆ ಹೋದವರಿಗೆ ಭಾಷೆ ಬರುವುದಿಲ್ಲ ಎಂಬ ನೆಪವಾದರೂ ಇರುತ್ತದೆ. ನನ್ನದೇ ಕನ್ನಡ ನನಗೆ ಅರ್ಥವಾಗದೆ ನಿಲ್ಲುವ ಅವಮಾನ ಯಾರಿಗೆ ಹೇಳುವುದು? ನಾನು "ಇದೆ" ಅಂದರೆ ಅವರು "ಅದ" ಅನ್ನುತ್ತಾರೆ. ಯಾವ ಮಾತು ಬೈಗುಳ, ಯಾವುದು ಅಕ್ಕರೆ, ಗೊತ್ತಾಗುತ್ತಿರಲಿಲ್ಲ. ಅಂಗಡಿಯವರು ಕೊಳ್ಳೇಗಾಲ ಅಂದರೆ ಅದು ತಮಿಳುನಾಡಲ್ಲವೇ ಎಂದು ಕೇಳುತ್ತಿದ್ದರು. ಮುದ್ದೆ ತಿಂದು ಬೆಳೆದ ದವಡೆಗೆ ಕಟಕಟ ಎನ್ನುವ ಜೋಳದ ರೊಟ್ಟಿ ಕಡಿಯುವುದೇ ಒಂದು ಕಸರತ್ತು. ಮಹಾದೇವಿ ಅದನ್ನು ಹಿಂಡಿಪಲ್ಯದಲ್ಲಿ, ಅಂದರೆ ಬೇಳೆ ಸೊಪ್ಪು ಹಾಕಿ ಗಟ್ಟಿಯಾಗಿ ಬೇಯಿಸಿದ ಪಲ್ಯದಲ್ಲಿ, ನೆನೆಸಿ ತಿನ್ನಲು ಕಲಿಸಿದಳು. ಮಹಡಿಯ ಕೋಣೆಗಿಂತ ಅವಳ ಮನೆಯ ಮಂಚದ ಪಕ್ಕದ ಚಾಪೆಯೇ ನನ್ನ ಜಾಗವಾಯಿತು.

ರಜೆಯ ದಿನಗಳಲ್ಲಿ ಅಲ್ಲಿ ಹಿಂದಿಗೆ ಡಬ್ ಮಾಡಿದ ಚೀನಾದ ಸಿನಿಮಾ. ಮೊದಮೊದಲು ಕಿಸಕ್ಕೆಂದು ನಗುತ್ತಿದ್ದೆ. ಒಬ್ಬ ಕೊಳಲೂದಿದರೆ ಊರಿನ ಹೆಂಚೆಲ್ಲ ಏಳುತ್ತವೆ. ಒಬ್ಬ ಸರೋವರದ ಮೇಲೆ ಓಡುತ್ತಾನೆ, ಪಾದುಕೆ ಒದ್ದೆಯಾಗುವುದಿಲ್ಲ. ಎದೆಗೆ ಕತ್ತಿ ನಾಟಿದವನು ಗುರುವಿಗೆ, ಪ್ರೇಯಸಿಗೆ, ಶತ್ರುವಿಗೆ ಬೇರೆಬೇರೆಯಾಗಿ ವಿದಾಯ ಹೇಳಿ ಮುಗಿಸುವ ತನಕ ಸಾಯುವುದಿಲ್ಲ. ಶಿವರಾಜ ಇದಕ್ಕೆಲ್ಲ ಸೊಂಟಕ್ಕೆ ತಂತಿ ಕಟ್ಟಿರುತ್ತಾರೆಂದು ಮಾವನಿಗೆ ಮತ್ತೆಮತ್ತೆ ತಿಳಿಹೇಳುತ್ತಿದ್ದ. ಗುಂಡಪ್ಪನವರು ಒಮ್ಮೆ ಮಾತ್ರ ಉತ್ತರ ಕೊಟ್ಟರು.

"ತಂತಿ ಅದ ಅಂತ ನನಗೂ ಗೊತ್ತದ. ನನಗ ತಂತಿ ಕಾಣಂಗಿಲ್ಲ, ಹಾರೂದು ಕಾಣ್ತದ."

ಅವರು ಈ ಹುಚ್ಚು ಹಿಡಿಸಿಕೊಂಡದ್ದು ಹರೆಯದಲ್ಲಿ, ಭಾಲ್ಕಿಯಲ್ಲಂತೆ. ಉಣ್ಣೆ ಮಾರಲು ಹೋದವರು ಬಿಸಿಲು ತಾಳದೆ ಟಾಕೀಸಿಗೆ ನುಗ್ಗಿ, ಅದೇ ಆಟವನ್ನು ಎರಡು ಸಲ ನೋಡಿ, ಊರಿಗೆ ಹೋಗುವ ದಾರಿಯುದ್ದಕ್ಕೂ ಹಳ್ಳ, ಬದು, ಬೇಲಿ ಎಲ್ಲವನ್ನೂ ಹಾರಿಕೊಂಡು ಹೋದರಂತೆ. ಕೇಳುತ್ತ ಕೇಳುತ್ತ ನನ್ನ ನಗು ನಿಂತಿತು. ನಾನಾದರೂ ಎಲ್ಲಿಯವಳು? ಹುಲಿಯೇರಿ ಬೆಟ್ಟ ಸುತ್ತಿದ ಮಾದಪ್ಪನಿಗೆ ಕೈಮುಗಿದು ಬೆಳೆದವಳು. ಅವರು ಮೈಲಾರ ಮಲ್ಲಣ್ಣನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಳ್ಳುವವರು. ಆಮೇಲೆ ಗಮನವಿಟ್ಟು ನೋಡಿದೆ. ಹಳದಿ ಎಲೆಗಳ ಕಾಡಿನಲ್ಲಿ ಇಬ್ಬರು ಕತ್ತಿ ಹಿಡಿದು ಸುತ್ತುತ್ತಿದ್ದಂತೆ ಇಡೀ ಕಾಡು ಕೆಂಪಾಯಿತು. ಅಬ್ಬಾ, ಎಷ್ಟು ಚೆಂದ! ಇಷ್ಟು ಅತಿ ಮಾಡಲು ಎಂಥ ಧೈರ್ಯ ಬೇಕು!

ಆದರೆ ಸಿನಿಮಾ ಮುಗಿದ ಮೇಲೆ ಆ ಮಂಚ ಹಾಗೇ ಇರುತ್ತಿತ್ತು. ಎಲುಬು ಕೂಡಿದೆ, ಇನ್ನು ಕಾಲಿನ ಮೇಲೆ ಭಾರ ಬಿಡಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಗುಂಡಪ್ಪನವರು ವಾಕರ್ ಹಿಡಿದು ಎದ್ದು ನಿಲ್ಲುತ್ತಿದ್ದರು, ಎಡಗಾಲನ್ನು ಮಾತ್ರ ನೆಲಕ್ಕೆ ಊರುತ್ತಿರಲಿಲ್ಲ. ಮತ್ತೆ ಮುರಿದೀತೆಂಬ ಭಯ. ಕುರಿಗಳು ಊರಲ್ಲಿ ಅವರ ತಮ್ಮನ ಬಳಿ ಇದ್ದವು. ಕಾಲು ಬಂದರೆ ಹಟ್ಟಿ, ಇಲ್ಲವಾದರೆ ಕೊನೆತನಕ ಈ ಮಂಚ. ಅದನ್ನು ಅವರೇ ಒಂದು ದಿನ ನನ್ನ ಮುಖ ನೋಡದೆ ಹೇಳಿದರು.

"ಕುರಿ ಹಿಂದ ನಡ್ಯಾಕ ಬರಲಾರದವಗ ಆ ಊರಾಗ ಏನ್ ಕೆಲಸ ಅದರಿ?"

ಅವರೂ ನನ್ನ ಹಾಗೆ ಊರು ಬಿಟ್ಟು ಬಂದವರು ಎಂಬುದು ನನಗೆ ಆವತ್ತು ಹೊಳೆಯಿತು. ಡ್ಯೂಟಿ ಮುಗಿಸಿ ಬಂದು ದಿನಾ ಅವರನ್ನು ಎಬ್ಬಿಸಿ ನಿಲ್ಲಿಸತೊಡಗಿದೆ. ಅಲ್ಲೇ ಜಗಳ ಶುರುವಾಯಿತು. ನಾನು "ಭಾರ ಬಿಡಿ, ಭಾರ ಬಿಡಿ" ಎನ್ನುವುದು, ಪಕ್ಕದಲ್ಲಿ ನಿಂತ ಮಹಾದೇವಿ "ಅಪ್ಪಾ, ಹಗೂರ್ಕ, ಹಗೂರ್ಕ" ಎನ್ನುವುದು. ನಾನು ಭಾರ ಅಂದರೆ ಇವಳು ಹಗುರ ಅನ್ನುತ್ತಾಳಲ್ಲ! ಹಲ್ಲು ಕಚ್ಚಿ ಸಹಿಸಿಕೊಂಡೆ. ಒಂದು ಸಂಜೆ ತಡೆಯಲಾಗಲಿಲ್ಲ. ಕಾಲು ಹಗುರ ಮಾಡಿಕೊಳ್ಳಲು ನೀವೇ ಹೇಳಿಕೊಟ್ಟರೆ ಇವರು ನಡೆಯುವುದು ಯಾವ ಜನ್ಮದಲ್ಲಿ ಎಂದು ರೇಗಿದೆ. ಮಹಾದೇವಿ ಕಕ್ಕಾಬಿಕ್ಕಿಯಾದಳು.

"ಹಗೂರ್ಕ ಅಂದ್ರ ಸಾವಕಾಶ್ರೀ ಅಕ್ಕಾ. ನಾ ಏನ್ ತಪ್ಪ್ ಹೇಳೀನಿ?"

ಅಷ್ಟೇ. ನಿಧಾನ, ಜೋಪಾನ. ಅದೇ ಅದರ ಅರ್ಥ. ಅಷ್ಟು ದಿನವೂ ಆ ಹುಡುಗಿ ನಾನು ಹೇಳಬೇಕಾದ ಮಾತನ್ನೇ ಹೇಳುತ್ತಿದ್ದಳು. ನನ್ನ ಮುಖ ನೋಡಿ ಗುಂಡಪ್ಪನವರು ಕೆಮ್ಮು ಬರುವಷ್ಟು ನಕ್ಕರು. ನಿಮ್ಮ ಕಡೆ ಹಗುರ ಅಂದರೆ ಏನು ಎಂದು ಕೇಳಿದರು. ತೂಕವಿಲ್ಲದ್ದು, ಅರಳೆಯಂಥದ್ದು ಎಂದೆ. ಅವರು ಟಿವಿಯತ್ತ ಗಲ್ಲ ತಿರುಗಿಸಿದರು. ಅಲ್ಲೊಬ್ಬ ಗುಡಿಯ ಗೋಪುರ ದಾಟುತ್ತಿದ್ದ.

"ಹಂಗಾರ ಇವ್ರು ನಿಮ್ಮ ಕಡಿಯವ್ರು."

ನನಗೂ ನಗು ತಡೆಯಲಿಲ್ಲ. ಆದರೆ ಆ ಮಾತು ತಲೆಯಿಂದ ಇಳಿಯಲಿಲ್ಲ. ಮಹಡಿಗೆ ಹೋಗಿ ಮೊಬೈಲಿನಲ್ಲಿ ಹುಡುಕಿದೆ. ಆ ಹಾರಾಟಕ್ಕೆ ಚೀನೀ ಭಾಷೆಯಲ್ಲಿ ಚಿಂಗ್‌ಗೊಂಗ್ ಎನ್ನುತ್ತಾರಂತೆ. ಹಗುರಾಗುವ ವಿದ್ಯೆ ಎಂದು ಅರ್ಥ. ಹಾರುವ ದೃಶ್ಯಗಳನ್ನು ಒಂದರ ಮೇಲೊಂದು ನೋಡುತ್ತ ಹೋದಂತೆ ನನ್ನ ವೃತ್ತಿಯ ಕಣ್ಣಿಗೆ ಅವರ ಪಾದ ಬಿತ್ತು. ಮರುದಿನ ಸಂಜೆ ಅಂಥದೊಂದು ದೃಶ್ಯವನ್ನು ಗುಂಡಪ್ಪನವರ ಮುಂದೆ ಹಿಡಿದು, ಅವರ ಮಾತಿನಲ್ಲೇ ಹೇಳುವುದಾದರೆ, ಹಗೂರ್ಕ ಓಡಿಸಿದೆ. ಮುಖ ನೋಡಬೇಡಿ, ಕಾಲು ನೋಡಿ ಎಂದೆ. ಬಿಳಿ ರೇಷ್ಮೆಯವಳು ಮೊಣಕಾಲು ಮಡಿಸಿದಳು. ಪಾದವನ್ನು ಪೂರ್ತಿ ನೆಲಕ್ಕೆ ಒತ್ತಿದಳು, ಧೂಳು ಎದ್ದಿತು. ಆಮೇಲೆ ಏರಿದಳು. ಇನ್ನೊಂದು ತೋರಿಸಿದೆ, ಮತ್ತೊಂದು ತೋರಿಸಿದೆ. ತಂತಿ ಇರಲಿ ಬಿಡಲಿ, ಒಬ್ಬರೂ ನೆಲ ಒತ್ತದೆ ಹಾರುವುದಿಲ್ಲ. ಗುಂಡಪ್ಪನವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ವಾಕರ್ ಎಳೆದುಕೊಂಡು ಎದ್ದರು. ಎಡಗಾಲಿನ ಬೆರಳು ನೆಲ ಮುಟ್ಟಿತು, ಆಮೇಲೆ ಹಿಮ್ಮಡಿ. ರುಮಾಲಿನ ಅಂಚಿನಿಂದ ಬೆವರು ಮೀಸೆಗೆ ಇಳಿಯುತ್ತಿತ್ತು. ಮಹಾದೇವಿ ಬಾಯಿ ತೆರೆದವಳು ನನ್ನನ್ನು ನೋಡಿ ಸುಮ್ಮನಾದಳು. ಹಾಗಾಗಿ ನಾನೇ ಹೇಳಿದೆ.

"ಹಗೂರ್ಕ."

ಅವರು ಒತ್ತಿದರು. ಬಲಗಾಲು ಮೇಲೆದ್ದಿತು, ಮುಂದೆ ಬಿತ್ತು. ಒಂದೇ ಒಂದು ಹೆಜ್ಜೆ. ನಾನು ಎಷ್ಟು ಜನರನ್ನು ನಡೆಸಿದವಳು, ಆದರೂ ಅಲ್ಲೇ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ.

ಕೋಲು ಹಿಡಿದು ಅಂಗಳ ಸುತ್ತುವಂತಾದ ಮೇಲೆ ಗುಂಡಪ್ಪನವರು ಊರಿಗೆ ಹೊರಟರು. ಮಂಚ ಖಾಲಿಯಾಯಿತು. ಕೆಳಗಿನ ಮನೆಯಲ್ಲಿ ಸಿನಿಮಾ ಹಾಕುವವರಿಲ್ಲದೆ ನಾನೇ ಹೋಗಿ ಹಾಕಿಸಿಕೊಂಡು ನೋಡುತ್ತಿದ್ದೆ. ಮೈಸೂರಿನ ಆಸ್ಪತ್ರೆಯೊಂದರಿಂದ ನನಗೆ ಕೆಲಸಕ್ಕೆ ಕರೆ ಬಂದದ್ದು ಆ ದಿನಗಳಲ್ಲೇ. ಅಮ್ಮ ಸಂಭ್ರಮದಿಂದ ಯಾವತ್ತು ಬರುತ್ತೀಯ ಎಂದು ಕೇಳಿದಳು. ಹೇಳುತ್ತೇನೆ ಎಂದೆ, ಹೇಳಲಿಲ್ಲ. ಮುದ್ದೆಯ ಆಸೆ ಇನ್ನೂ ಹೋಗಿಲ್ಲ. ಆದರೆ ಊಟಕ್ಕೆ ರೊಟ್ಟಿ ಇಲ್ಲದಿದ್ದರೆ ಈಗ ಹೊಟ್ಟೆ ತುಂಬಿದ ಹಾಗೆ ಅನಿಸುವುದಿಲ್ಲ.

ಕಳೆದ ವಾರ ಔರಾದ ಬಸ್ಸು ಹತ್ತಿ ಅವರನ್ನು ನೋಡಲು ಹೋದೆ. ರಸ್ತೆಗೂ ಕುರಿ ಮೇಯುವ ಬಯಲಿಗೂ ನಡುವೆ ಒಂದು ಸಣ್ಣ ಕಾಲುವೆ. ನನ್ನನ್ನು ಕರೆದೊಯ್ಯಲು ರಸ್ತೆಗೆ ಬಂದಿದ್ದ ಗುಂಡಪ್ಪನವರು ಕೋಲೂರಿ, ಎಡಗಾಲಿನಿಂದಲೇ ನೆಲ ಒದ್ದು, ಆಚೆ ದಡಕ್ಕೆ ಹಾರಿ ನಿಂತರು. ಚಪ್ಪಲಿ ಕೈಯಲ್ಲಿ ಹಿಡಿದು ನಾನು ಈಚೆ ನಿಂತಿದ್ದಾಗ ಅಮ್ಮನ ಫೋನು ಬಂತು. ಎಲ್ಲಿದ್ದೀಯ ಎಂದಳು. ಊರಲ್ಲಿದ್ದೀನಿ ಎಂದುಬಿಟ್ಟೆ.

"ಯಾವೂರಲ್ಲವ್ವಾ?" ಎಂದಳು ಅಮ್ಮ.

ಆಚೆ ದಡದಿಂದ ಗುಂಡಪ್ಪನವರು ಕೋಲು ಚಾಚಿ, "ಹಗೂರ್ಕ ಬರ್ರಿ," ಎಂದರು. ಆಮೇಲೆ ಫೋನ್ ಮಾಡುತ್ತೇನೆಂದು ಅಮ್ಮನಿಗೆ ಹೇಳಿ, ಬರಿಗಾಲನ್ನು ಆ ಕಪ್ಪು ಮಣ್ಣಿಗೆ ಗಟ್ಟಿಯಾಗಿ ಒತ್ತಿ, ಹಾರಿದೆ.