ಅವರೆಕಾಳು ಹಿಸುಕುವ ಇತಿಹಾಸಕಾರ

ಸೂರ್ಯ ಇನ್ನೂ ಹಾಸಿಗೆಯಲ್ಲೇ ಹೊರಳುತ್ತಿದ್ದಾನೆ. ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸ್‌ನ ಅಡುಗೆಮನೆಯೊಂದರಲ್ಲಿ ಪ್ರಸನ್ನಕುಮಾರ್ ಮಾತ್ರ ನೆನೆದ ಅವರೆಕಾಳಿನ ಬೆಟ್ಟದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ಅವರು ಹಿಸುಕಿದ ಬೇಳೆ ಬಂದೂಕಿನ ಗುಂಡಿನಂತೆ ಹಾರಿ, ಎದುರು ಕುಳಿತ ಮನೆಯ ಯಜಮಾನ ಚೌಡಪ್ಪನವರ ಕನ್ನಡಕಕ್ಕೆ ಬಡಿಯುತ್ತದೆ.

"ಕಾಳು ಹಿಸುಕೋಕೆ ಬರಲ್ಲ, ಪುಸ್ತಕ ಬರೀತಾನಂತೆ ಮಾರಾಯ!" ಎಂದು ಎಂಬತ್ತರ ಚೌಡಪ್ಪ ಗದರುತ್ತಾರೆ.

ಇಂಥ ಪರರ ಅಡುಗೆಮನೆಗಳೇ ಇತಿಹಾಸಕಾರರ ಕಚೇರಿ. ಸಂಜೆ ಶಿವಮೊಗ್ಗದ ಗೋಪಾಳದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಈ ಮೇಷ್ಟ್ರು, ಬೆಳಗಿನ ಹೊತ್ತು ಎರಡೂ ಊರುಗಳು ಮುಚ್ಚಿಟ್ಟ ಪ್ರೀತಿಯ ಚರಿತ್ರೆ ಬರೆಯುತ್ತಾರೆ. ಗಂಡನ್ನು ಪ್ರೀತಿಸಿದ ಗಂಡಸರು, ಹೆಣ್ಣಿನೊಡನೆ ಬಾಳಿದ ಹೆಂಗಸರು, ಮಂಗಳಮುಖಿಯರು ಎಲ್ಲರೂ ಅದರಲ್ಲಿದ್ದಾರೆ. ಇವರು ಸುಲಿಯದ ಬೆಳ್ಳುಳ್ಳಿ, ಬೆಳಗದ ಪಾತ್ರೆ ಈ ಸೀಮೆಯಲ್ಲೇ ಇಲ್ಲ. ಇವರ ಮೊಪೆಡ್ ಓಡಿದ ದೂರವನ್ನು ನೆಟ್ಟಗೆ ನಿಲ್ಲಿಸಿದರೆ ಚಂದ್ರನಲ್ಲಿಗೆ ಹೋಗಿ, ಟೀ ಕುಡಿದು ವಾಪಸ್ ಬರಬಹುದು.

"ಕೈಗೆ ಕೆಲ್ಸ ಇಲ್ದಿದ್ರೆ ಹೇಳೋರ ಬಾಯಿ ಹೆದರ್ತದೆ ಸಾರ್," ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ. "ಪೆನ್ನು ಹಿಡಿದು ಕೂತ್ರೆ ಪೊಲೀಸ್ನೋರ ಥರ ಕಾಣ್ತೀನಿ. ಕಾಳು ಹಿಸುಕ್ತಾ ಕೂತ್ರೆ ಮನೆಯೋನು."

ಇಂಥ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ವರ್ಷಗಳೇ ಆದವು. ಮನೆ ಮಾಲೀಕರ ಕೋರ್ಟಿನಲ್ಲಿ ಕೇಸು ನಿಂತೇ ಇದೆ. ಬರೆಯುವ ವಿಷಯ ಗೊತ್ತಾದದ್ದೇ ತಡ, ಇವರಿಂದ ಬಾಡಿಗೆ ಮನೆಗಳನ್ನು ಒಂದರ ಹಿಂದೊಂದು ಖಾಲಿ ಮಾಡಿಸಿದರು. ಪ್ರಕಾಶಕರೊಬ್ಬರು "ನಮ್ಮೂರಲ್ಲಿ ಅಂಥೋರು ಇರ್ಲಿಲ್ಲ ಬಿಡ್ರೀ" ಎಂದರಂತೆ. "ಇದ್ರು ಸಾರ್. ನಿಮ್ಮ ಮದುವೇಲಿ ಪಾಯಸ ಬಡಿಸಿದ್ದೇ ಅವ್ರು," ಎಂದು ಇವರು ಎದ್ದುಬಂದರು. ಈಗ ಬೇರೊಬ್ಬರು ಒಪ್ಪಿದ್ದಾರೆ. ಪುಸ್ತಕ ನಾಳೆ ಅಚ್ಚಿಗೆ ಹೋಗುತ್ತದೆ.

ಆದರೆ ಇವರದೊಂದು ಕಟ್ಟುನಿಟ್ಟಿದೆ. ಯಾರ ಬದುಕೋ ಅವರೆದುರು ಓದಬೇಕು. ಬೇಡವೆಂದರೆ ಆ ಅಧ್ಯಾಯವೇ ಇಲ್ಲ. ಚೌಡಪ್ಪನವರದು ಇಡೀ ಪುಸ್ತಕದ ಜೀವಾಳ. ಕಾರ್ಖಾನೆಯ ಕುಲುಮೆ ಕೆಲಸದ ಚೌಡಪ್ಪನವರೂ ಕ್ರೇನ್ ಓಡಿಸುತ್ತಿದ್ದ ಉಜ್ಜನಪ್ಪನವರೂ ಇದೇ ಮನೆಯಲ್ಲಿ ಜೊತೆಯಾಗಿ ಬಾಳಿ ಮುಪ್ಪಾದವರು. ಬೀದಿಯವರಿಗೆ ಮಾತ್ರ ಅಣ್ಣತಮ್ಮಂದಿರು. ಉಜ್ಜನಪ್ಪ ಹೋದ ವರ್ಷ ತೀರಿಕೊಂಡರು.

ಪ್ರಸನ್ನಕುಮಾರ್ ಕೈ ಒರೆಸಿಕೊಂಡು ಓದುತ್ತಾರೆ. ಅಂಜಿಕೆಯಿಂದ ಹೆಸರು ಬದಲಿಸಿ, ಉಜ್ಜನಪ್ಪನವರನ್ನು ಲಿಂಗಪ್ಪ, ಚೌಡಪ್ಪನವರನ್ನು ಶಿವಯೋಗಪ್ಪ ಎಂದು ಬರೆದಿದ್ದಾರೆ. ಭದ್ರಾ ಹೊಳೆಯೇ ಹರಿಯುವುದನ್ನು ಬಿಟ್ಟು ಕಿವಿಗೊಡುತ್ತದೆ.

"ಯಾರಯ್ಯ ಈ ಲಿಂಗಪ್ಪ?" ಚೌಡಪ್ಪನವರ ಕೈಯ ಕಾಳು ಕೈಯಲ್ಲೇ ಇದೆ. "ನಾನು ಬಾಳಿದ್ದು ಉಜ್ಜನಪ್ಪನ ಜೊತೆ."

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಚೌಡಪ್ಪನೋರೇ..."

"ಮಣ್ಣು ಮಾಡೋವಾಗ್ಲೂ ತಮ್ಮ ಅಂತ ಹೇಳ್ಕೊಂಡೇ ಅತ್ತೆ. ಅದಕ್ಕಿಂತ ತೊಂದ್ರೆ ಏನಿದೆ? ಅವನ ಹೆಸ್ರು ಬರಿ." ಕೈಯ ಕಾಳನ್ನು ಹಿಸುಕಿ, "ನಂದೂ ಬರಿ. ಅವ್ನೊಬ್ನೇ ಅಲ್ಲಿ ಏನ್ಮಾಡ್ತಾನೆ?"

ಪ್ರಸನ್ನಕುಮಾರ್ ಅಲ್ಲೇ ತಿದ್ದುತ್ತಾರೆ. ಪುಸ್ತಕಕ್ಕೆ ಪ್ರಶಸ್ತಿ ಬರಬಹುದಲ್ಲ ಎಂದರೆ ನಗುತ್ತಾರೆ.

"ಮುಖಪುಟದಲ್ಲಿ ನನ್ನ ಹೆಸ್ರು ಇದ್ರೂ ಸೈ, ಇಲ್ದಿದ್ರೂ ಸೈ. ಒಳಗೆ ಅವರಿಬ್ರ ಹೆಸ್ರು ಒಂದೇ ಸಾಲಲ್ಲಿ ಬರ್ಬೇಕು ಸಾರ್. ಒಂದು ಕೆಳಗಿನ ಸಾಲಿಗೆ ಬಿತ್ತೋ, ಪುಟ ಮತ್ತೆ ಕಟ್ಟಿಸ್ತೀನಿ."