ಮುಂಗೋಪಿಯ ತಲೆಗೆ ಬಿದ್ದ ತೆಂಗಿನಕಾಯಿ

ನನ್ನ ತಲೆಯ ಮೇಲೆ ತೆಂಗಿನಕಾಯಿ ಬಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕುಣಿಗಲ್ ತಾಲ್ಲೂಕಿನ ಅಮೃತೂರಿನ ಹತ್ತಿರ, ನನ್ನ ಭಾವಮೈದನ ತೋಟದಲ್ಲಿ. ಆಗ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮಠದ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ನೆಂಟರ ಮನೆಗೆ ಹೋದರೂ ಬೆಳಕು ಹರಿಯುವ ಮೊದಲೇ ವ್ಯಾಯಾಮ ಮುಗಿಸುತ್ತಿದ್ದೆ.

"ಭಾವ, ಆ ಮರದ ಕೆಳಗೆ ಮಾತ್ರ ಬ್ಯಾಡ. ಕಾಯಿ ಬಲ್ತವೆ, ಕೀಳೋನು ಇನ್ನೂ ಬಂದಿಲ್ಲ" ಎಂದು ಭಾವಮೈದ ಹಿಂದಿನ ದಿನವೇ ಹೇಳಿದ್ದ. ಆದರೆ ಅಂಗಳವನ್ನು ಆಗತಾನೆ ಸಾರಿಸಿದ್ದರು. ಮರದ ಕೆಳಗೆ ನೆಲ ಒಣಗಿತ್ತು, ಸಮವಾಗಿತ್ತು. ಶಿಸ್ತಿನ ಮನುಷ್ಯ ಇನ್ನೆಲ್ಲಿ ನಿಲ್ಲುತ್ತಾನೆ?

ಕಾಯಿ ನೆತ್ತಿಯ ಪಕ್ಕಕ್ಕೆ ಬಡಿದು, ಭುಜ ಸವರಿಕೊಂಡು ಕೆಳಗೆ ಬಿತ್ತಂತೆ. ನನಗೆ ಅದ್ಯಾವುದೂ ನೆನಪಿಲ್ಲ. ಕಣ್ಣು ಬಿಟ್ಟಾಗ ಹಜಾರದ ಚಾಪೆಯ ಮೇಲೆ ಮಲಗಿದ್ದೆ, ಸುತ್ತ ಅರ್ಧ ಊರು ನಿಂತಿತ್ತು.

ನಮ್ಮ ಸೀಮೆಯಲ್ಲಿ ಒಂದು ನಂಬಿಕೆಯಿದೆ. ತೆಂಗಿನಕಾಯಿಗೆ ಮೂರು ಕಣ್ಣಿರುವುದರಿಂದ ಅದು ಕೆಳಗೆ ಯಾರಿದ್ದಾರೆ ಎಂದು ನೋಡಿಕೊಂಡೇ ಬೀಳುತ್ತದಂತೆ. ಒಳ್ಳೆಯವರ ಮೇಲೆ ಬಿದ್ದ ಉದಾಹರಣೆ ಇಲ್ಲವೇ ಇಲ್ಲವಂತೆ. ಹಾಗಾಗಿ ನನ್ನನ್ನು ನೋಡಲು ಬ್ರೆಡ್ಡು, ಮೋಸಂಬಿ ಹಿಡಿದು ಬಂದವರಿಗೆಲ್ಲ ನನ್ನ ತಲೆಗಿಂತ ನನ್ನ ಪಾಪದ ಬಗ್ಗೆ ಹೆಚ್ಚು ಕುತೂಹಲ. "ಮೇಷ್ಟ್ರೇ, ಯಾವ ಹುಡುಗುಂಗೆ ಜಾಸ್ತಿ ಬಾರಿಸಿದ್ರಿ, ಸ್ವಲ್ಪ ಜ್ಞಾಪಕ ಮಾಡ್ಕೊಳ್ಳಿ" ಎಂದು ಒಬ್ಬ ಹಿರಿಯರು ಮೋಸಂಬಿ ಸುಲಿದು ತಾವೇ ತಿನ್ನುತ್ತ ಕೇಳಿದರು.

ತುಮಕೂರಿಗೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದರು. ಏನೂ ಇಲ್ಲ, ನಾರ್ಮಲ್ ಎಂದರು. ನನ್ನ ಹೆಂಡತಿ ಸಂತೋಷದಿಂದ ದೇವರಿಗೆ ಕಾಯಿ ಒಡೆಸಿದಳು. ಭಾವಮೈದ ಒಂದು ಚೀಲ ಕಾಯಿ ತಂದಿದ್ದ. ಅವುಗಳಲ್ಲಿ ಆ ಕಾಯಿಯೂ ಇತ್ತೇ ಎಂದು ನಾನು ವಿಚಾರಿಸಲಿಲ್ಲ. ಮಾರನೆಯ ದಿನದ ಚಟ್ನಿಯನ್ನು ಮಾತ್ರ ಮುಟ್ಟಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಮಿಕ್ಸಿ ಸದ್ದಿಗೆ ತಲೆ ಸಿಡಿಯುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಅರ್ಥವಾಗುತ್ತಿರಲಿಲ್ಲ. ಗೊತ್ತಿರುವ ಪದ ಬಾಯಿಯವರೆಗೆ ಬಂದು ವಾಪಸು ಹೋಗುತ್ತಿತ್ತು. ಇದೆಲ್ಲ ಯಾಕೆ ಎಂದು ಕೇಳಿಕೊಂಡು ಹೊರಟೆ. ಉತ್ತರಗಳಿಗೇನು ಬರವೇ? ಗುಬ್ಬಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಗ್ಯಾಸ್ ಎಂದರು. ಕನ್ನಡಕದ ಅಂಗಡಿಯವನು ನಂಬರ್ ಬದಲಾಗಿದೆ ಎಂದ. ಪಂಡಿತರು ಪಿತ್ತ ಎಂದು, ನೆತ್ತಿಗೆ ಎಣ್ಣೆ ತಟ್ಟಿಸಿ ಎಂದರು. ತಟ್ಟುವುದಕ್ಕೆ ಬಂದವನು ಪೆಟ್ಟಾದ ಜಾಗವನ್ನೇ ಹುಡುಕಿ ತಟ್ಟಿದ. ತೆಂಗಿನಕಾಯಿ ಕಾರಣವಿರಬಹುದು ಎಂದು ಒಬ್ಬರೂ ಹೇಳಲಿಲ್ಲ. ಅದು ಅಷ್ಟು ಸುಲಭವಾಗಿ ಕಣ್ಣೆದುರಿಗಿತ್ತು ನೋಡಿ.

ಔಷಧಿಯ ಆಸೆಯನ್ನು ನಾನು ಬೇಗ ಬಿಟ್ಟೆ. ನನ್ನ ತಲೆಯೊಳಗೆ ಏನೋ ಕೆಟ್ಟಿದೆ ಎಂದು ಮನೆಯವಳು ಒಮ್ಮೆ ನಂಬಿದ್ದರೆ ಸಾಕಿತ್ತು. ಅವಳಿಗೆ ಅದು ಸಾಧ್ಯವೇ ಆಗಲಿಲ್ಲ. ಮೂವತ್ತು ವರ್ಷದಿಂದ ನಾನು ಸದ್ದು ಮಾಡಬೇಡಿ ಎನ್ನುತ್ತಲೇ ಬಂದಿದ್ದೆ. ಮಾತಿನ ಮಧ್ಯೆ ಮಾತಾಡಿದವರ ಮೇಲೆ ರೇಗುತ್ತಲೇ ಬಂದಿದ್ದೆ. "ರೀ, ನೀವು ಮೊದ್ಲಿಂದ್ಲೂ ಹಂಗೇ ಅಲ್ವಾ? ಈಗ ಪಾಪ ಆ ಕಾಯಿ ಮೇಲೆ ಯಾಕ್ ಹಾಕ್ತೀರಿ?" ಎನ್ನುತ್ತಿದ್ದಳು.

ಶಾಲೆಯಲ್ಲೂ ಇದೇ ಕಥೆ. ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳಿಗೆ "ಸಾವಧಾನ್" ಎಂದು ಕೂಗಿದೆ. ಎಲ್ಲರೂ ಕಂಬಗಳಂತೆ ನಿಂತರು. ಮುಂದೆ ಹೇಳಬೇಕಾದ "ವಿಶ್ರಾಮ್" ಎಂಬ ಪದ ಬರಲಿಲ್ಲ. ಜೀವಮಾನವೆಲ್ಲ ಕೂಗಿದ ಪದ! ಹುಡುಕಿದೆ, ಇಲ್ಲ. ಬಿಸಿಲು ಏರಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ತೂರಾಡಿದಳು. ಕೊನೆಗೆ ಕೈ ಬೀಸಿ ಕಳಿಸಿದೆ. ಹೆಡ್‌ಮಾಸ್ಟರು ಓಡಿಬಂದು ನನ್ನ ಕೈ ಕುಲುಕಿದರು. "ಏನ್ ಶಿಸ್ತು ಮೇಷ್ಟ್ರೇ! ಒಂದು ಮಗು ಅಲ್ಲಾಡ್ಲಿಲ್ಲ. ದಿನಾ ಹಿಂಗೇ ನಿಲ್ಲಿಸಿ" ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಹೆಡ್‌ಮಾಸ್ಟ್ರೇ ಹೊಗಳಿದ್ಮೇಲೆ ಇನ್ನೇನ್ರೀ" ಎಂದು ಕಾಫಿ ಕೊಟ್ಟಳು.

ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ವಾರಕ್ಕೊಮ್ಮೆ ಬೆಂಗಳೂರಿನಿಂದ ನರರೋಗದ ಡಾಕ್ಟರು ಬರುತ್ತಾರೆ ಎಂದು ಯಾರೋ ಹೇಳಿದರು. ಹಟ ಹಿಡಿದು ಹೆಂಡತಿಯನ್ನೂ ಹೊರಡಿಸಿದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನನ್ನು ಎರಡು ಮಾತು ಕೇಳಿ, ಹೆಂಡತಿಯ ಕಡೆ ತಿರುಗಿದರು.

"ಅಮ್ಮ, ಪೆಟ್ಟಾದ್ಮೇಲೆ ಇವರ ಕೋಪ ಏನಾದ್ರೂ ಜಾಸ್ತಿ ಆಗಿದೆಯಾ?"

ನಾನು ಕಾದೆ. ಸಾಕ್ಷಿ ಬಾಯಿ ಬಿಡುವ ಹೊತ್ತು.

"ಇಲ್ಲ ಡಾಕ್ಟ್ರೇ. ನಿಜ ಹೇಳ್ಬೇಕಂದ್ರೆ, ಈಗ ಸ್ವಲ್ಪ ಕಮ್ಮಿ."

ಹೋಯಿತು ನನ್ನ ಕೇಸು. ಕಾಯಿಲೆಯಿಂದ ಗುಣ ಸುಧಾರಿಸಿದ ಮೊದಲ ರೋಗಿ ನಾನೇ ಇರಬೇಕು. ಡಾಕ್ಟರು ಮಾತ್ರ ನಗಲಿಲ್ಲ.

"ಕಮ್ಮಿ ಅಂದ್ರೆ ಯಾವ ವಿಷಯಕ್ಕೆ?"

"ಊಟದ್ದು ಡಾಕ್ಟ್ರೇ. ಮೊದಲು ಒಗ್ಗರಣೆ ಒಂಚೂರು ಕಪ್ಪಾದ್ರೆ ತಟ್ಟೆ ತಳ್ಳೋರು. ನೆನ್ನೆ ಉಪ್ಪಿಟ್ಟು ತಳ ಹಿಡಿದು ಮನೆಯೆಲ್ಲಾ ಸೀದ ವಾಸನೆ. ಸುಮ್ನೆ ತಿಂದ್ರು. ಹಾಲು ಉಕ್ಕಿ ಸೀದು ಹೋಗ್ತಿದ್ರೂ ಪಕ್ಕದಲ್ಲೇ ಪೇಪರ್ ಓದ್ತಿರ್ತಾರೆ. ನಾನೂ ಅಂದ್ಕೊಂಡೆ, ವಯಸ್ಸಾಯ್ತಲ್ಲ, ಈಗಾದ್ರೂ ತಾಳ್ಮೆ ಬಂತು ಅಂತ."

ಡಾಕ್ಟರು ಎದ್ದು ಹೋಗಿ ಕಾಫಿಪುಡಿ ಡಬ್ಬ ತಂದರು. ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿದರು. ಬಳಿಕ ಸೋಪು, ಆಮೇಲೆ ಲವಂಗ. ಎಲ್ಲದಕ್ಕೂ ನಾನು "ಇನ್ನೂ ಹಿಡಿದಿಲ್ವಲ್ಲ" ಎಂದೆ. ಹೆಂಡತಿಯ ಬಳೆಯ ಸದ್ದು ನಿಂತುಹೋದದ್ದು ಮಾತ್ರ ಕೇಳಿಸಿತು.

ಡಾಕ್ಟರು ಬಿಡಿಸಿ ಹೇಳಿದರು. ಪೆಟ್ಟಿಗೆ ಮೆದುಳು ಬುರುಡೆಯೊಳಗೇ ಅಲುಗಾಡಿದೆ. ಮೂಗಿನಿಂದ ಮೇಲೆ ಹೋಗುವ ಎಳೆಯಂಥ ನರಗಳು ಹರಿದಿವೆ. ಅಷ್ಟು ಸಣ್ಣದು ಸ್ಕ್ಯಾನಿಂಗಿನಲ್ಲಿ ಕಾಣಬೇಕೆಂದೇನೂ ಇಲ್ಲ. ತಲೆನೋವು, ಪದ ಮರೆಯುವುದು ವಿಶ್ರಾಂತಿಯಿಂದ ನಿಧಾನಕ್ಕೆ ಹಿಡಿತಕ್ಕೆ ಬರಬಹುದು. ವಾಸನೆ ವಾಪಸು ಬರುತ್ತದೆಂದು ಹೇಳಲಾರೆ ಎಂದರು. ಅಲ್ಲಿಯವರೆಗೆ ನನಗೆ ವಾಸನೆ ಹೋಗಿದೆ ಎಂದೇ ಗೊತ್ತಿರಲಿಲ್ಲ. ಅಡುಗೆ ಸಪ್ಪೆಯಾಗಿದೆ ಎಂದುಕೊಂಡಿದ್ದೆ. ಅದನ್ನು ಹೇಳದೆ ದೊಡ್ಡ ಮನಸ್ಸು ಮಾಡಿದ್ದೆ.

ಗುಬ್ಬಿಯ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗೆದ್ದವನು ನಾನು. ಮೀಸೆ ತಿರುವಬೇಕೆಂದುಕೊಂಡೆ, ಆಗಲಿಲ್ಲ. ಮೂವತ್ತು ವರ್ಷ ಕಾದು ಅವಳಿಗೆ ಸಿಕ್ಕ ತಾಳ್ಮೆಯ ಗಂಡ ಒಂದು ಹರಿದ ನರವಾಗಿದ್ದ.

ಮಾರನೆಯ ಬೆಳಿಗ್ಗೆ ಚಿತ್ರಾನ್ನದ ತಟ್ಟೆ ಮುಂದಿಟ್ಟು ಅಲ್ಲೇ ನಿಂತಳು.

"ಸಾಸಿವೆ ಸೀದಿದೆ ಕಣ್ರೀ" ಎಂದಳು. "ಗೊತ್ತಾಗಲ್ಲ ನಿಮಗೆ, ಅದಕ್ಕೇ ಹೇಳ್ದೆ."

ನಾನು ತಟ್ಟೆಯನ್ನು ಒಂದು ಗೇಣು ದೂರ ತಳ್ಳಿದೆ. "ಇಷ್ಟು ವರ್ಷ ಆದ್ರೂ ಒಂದು ಒಗ್ಗರಣೆ ಹಾಕೋಕೆ ಬರಲ್ವೇನೇ ನಿಂಗೆ?" ಎಂದು ಹಳೆಯ ದನಿಯಲ್ಲೇ ಗದರಿದೆ.

"ಬರಲ್ಲ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ಎಳೆದಿಟ್ಟಳು. ನಾನು ಉಂಡೆ.